ಕಿವಿ ಇರುವ ಡಬ್ಬಿ

ಒಬ್ಬ ಮನುಷ್ಯ ಟಿವಿಯಲ್ಲಿ ಒಂದು ಸಲ ಕಾಣಿಸಿಕೊಂಡರೆ ಆಮೇಲೆ ಅವನನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಬಹಳ ಕಷ್ಟ. ಇದು ನಾನು ಪುಸ್ತಕ ಓದಿ ಕಲಿತದ್ದಲ್ಲ. ಒಂಬತ್ತನೇ ಕ್ಲಾಸಿನಲ್ಲೇ ಶಾಲೆಗೆ ಶರಣು ಹೇಳಿ ಬಂದವನು ನಾನು. ಹೆಸರು ಅಂಬರೇಶ, ಊರು ದೇವದುರ್ಗ ತಾಲೂಕಿನ ಮಸರಕಲ್. ಇದನ್ನು ಕಲಿಸಿದವರು ನಮ್ಮಪ್ಪ ತಾಯಪ್ಪ. ಈ ಪಾಠದ ನಡುವೆ ನನ್ನ ಮದುವೆ ಸಿಕ್ಕಿಹಾಕಿಕೊಂಡಿತ್ತು. ಹಾಗಾಗಿ ಹೇಳುವಾಗ ಅಲ್ಲಲ್ಲಿ ಸಿಟ್ಟು ಬಂದರೆ ಅದು ನನ್ನ ತಪ್ಪಲ್ಲ, ಕಥೆಯದು.

ಮೊದಲು ನಮ್ಮೂರಿನ ಕೇಬಲ್ಲಿನ ವಿಚಾರ. ಕೇಬಲ್ ನಡೆಸುವವನು ನಯೀಮ್. ಬಸ್ ಸ್ಟ್ಯಾಂಡಿನ ಹಿಂದೆ ತಗಡಿನ ಶೆಡ್ಡಿನಲ್ಲಿ ಕೂತು ಊರಿಗೆಲ್ಲ ವಯರು ಎಳೆದಿದ್ದಾನೆ. ಅವನದೇ ಒಂದು ಲೋಕಲ್ ಚಾನಲ್ಲೂ ಇದೆ. ಬೇಕೆಂದಾಗ ಬೇಕಾದ ಸಿನಿಮಾ ನೋಡುತ್ತೇವೆ ಎಂದು ಪಟ್ಟಣದವರು ಈಗ ಮೆರೆಯುತ್ತಾರಲ್ಲ, ಆ ಸೌಲಭ್ಯ ಮಸರಕಲ್ಲಿಗೆ ಎಂದೋ ಬಂದಿತ್ತು. ನಯೀಮನಿಗೆ ಫೋನ್ ಮಾಡಿದರೆ ಚಹಾ ಕುಡಿದು ಮುಗಿಯುವಷ್ಟರಲ್ಲಿ ಕೇಳಿದ ಸಿನಿಮಾ ಹಾಕುತ್ತಿದ್ದ. ತೊಂದರೆ ಒಂದೇ. ಕೇಳುವವರು ಒಬ್ಬರು, ನೋಡುವವರು ಊರೆಲ್ಲ.

ಆ ಕೇಳುವ ಒಬ್ಬರು ಯಾವಾಗಲೂ ನಮ್ಮಜ್ಜಿ ಪಕೀರಮ್ಮನೇ ಆಗಿರುತ್ತಿದ್ದಳು. ಅಪ್ಪನ ತಾಯಿ. ಅವಳಿಗೆ ಒಂದೇ ಸಿನಿಮಾ ಬೇಕು: ಜಾತ್ರೆಯಲ್ಲಿ ಕಳೆದುಹೋದ ಮಗ ಪೊಲೀಸನಾಗಿ ಬಂದು ಕೊನೆಗೆ ತಾಯಿಯ ಕಾಲಿಗೆ ಬೀಳುವ ಕಪ್ಪು-ಬಿಳುಪಿನ ಚಿತ್ರ. ಆ ಮಗ ಅಷ್ಟು ಸಲ ಸಿಕ್ಕರೂ ಅವಳಿಗೆ ನಂಬಿಕೆ ಬಂದಿರಲಿಲ್ಲ. ಊರಿನ ಹುಡುಗರು ಗಲಾಟೆ ಮಾಡಿದಾಗ ನಯೀಮ್ ಪರದೆಯ ಕೆಳಗೆ ಅಕ್ಷರ ಓಡಿಸಿದ: ‘ಈ ಚಿತ್ರ ಪಕೀರಮ್ಮನವರ ಬೇಡಿಕೆಯ ಮೇರೆಗೆ. ಸಿಟ್ಟು ಬಂದವರು ಅವರ ಮನೆಗೇ ಹೋಗಿ ವಿಚಾರಿಸಬೇಕಾಗಿ ವಿನಂತಿ.’

ನಮ್ಮಪ್ಪನಿಗೆ ಅವಮಾನವಾಯಿತು. ಸೀದಾ ಶೆಡ್ಡಿಗೆ ಹೋದ.

“ನಿನ್ನ ಕೇಬಲ್ ಕಿತ್ತಿ ಒಗೀತೀನಿ ಲೇ ನಯೀಮಾ. ಡಿಶ್ ಹಾಕಸ್ತೀನಿ.”

“ಹಾಕಸೋ ತಾಯಪ್ಪಣ್ಣ,” ಎಂದ ನಯೀಮ್, ವಯರು ಕಚ್ಚಿ ಸಿಪ್ಪೆ ಸುಲಿಯುತ್ತ. “ಆದ್ರ ರಾತ್ರಿ ನಿಮ್ಮವ್ವ ಆ ಮಗನ್ನ ಹುಡುಕ್ಕೊಡು ಅಂತ ಫೋನ್ ಮಾಡಿದ್ರ, ಆಕಾಶದಾಗ ಫೋನ್ ಎತ್ತವ್ರು ಯಾರು?”

ಈ ಮಾತು ಅಪ್ಪನಿಗೆ ನಾಟಿತ್ತು. ಡಿಶ್ ತರಲು ನೆಪ ಮಾತ್ರ ಬೇಕಿತ್ತು. ಅದನ್ನು ಒದಗಿಸಿದ್ದು ಮೆಣಸಿನಕಾಯಿ.

ಒಂದು ಚಾನಲ್ಲಿನ ಕೃಷಿ ಕಾರ್ಯಕ್ರಮದವರು ಕ್ಯಾಮೆರಾ ಹಿಡಿದುಕೊಂಡು ನಮ್ಮೂರಿಗೆ ಬಂದರು. ಒಳ್ಳೆಯ ಮೆಣಸಿನಗಿಡ ಎಲ್ಲಿದೆ ಎಂದು ಕೇಳಿದರು. ಒಳ್ಳೆಯ ಗಿಡ ಇದ್ದದ್ದು ಪಕ್ಕದ ಮನೆಯ ಹನುಮಂತ್ರಾಯ ಕಾಕಾನ ಹೊಲದಲ್ಲಿ. ನಮ್ಮ ಗಿಡಗಳು ಆ ವರ್ಷ ಮುಟುರು ರೋಗದಿಂದ ಮುದುಡಿಕೊಂಡಿದ್ದವು. ಆದರೆ ಕ್ಯಾಮೆರಾ ಕಂಡ ಕೂಡಲೇ ಕಾಕಾನಿಗೆ ಕೆಮ್ಮು ಬಂತು, ನಮ್ಮಪ್ಪನಿಗೆ ಮಾತು ಬಂತು. ಹೀಗಾಗಿ ಕಾಕಾನ ಹೊಲದಲ್ಲಿ ನಿಂತು ಅಪ್ಪ ಮಾತಾಡಿದ. ಹೊಲ ಯಾರದೆಂದು ಅವರು ಕೇಳಿದ್ದಕ್ಕೆ ಏನು ಹೇಳಿದನೆಂಬುದು ಆಗ ನಮಗೆ ಯಾರಿಗೂ ತಿಳಿಯಲಿಲ್ಲ.

ಅದೇ ಹೊತ್ತಿಗೆ ನನಗೆ ಮಾನ್ವಿ ತಾಲೂಕಿನ ಬಾಗಲವಾಡದ ಹುಡುಗಿಯನ್ನು ಗೊತ್ತುಮಾಡುವ ಮಾತು ನಡೆದಿತ್ತು. ಹೆಸರು ಸೌಭಾಗ್ಯ. ನೋಡಲು ಹೋದಾಗ ಅವಳು ನನ್ನನ್ನು ನೋಡಿ ನಗಲಿಲ್ಲ, “ಇಷ್ಟ್ಯಾಕ ಸಿಟ್ಟಿಗೆದ್ದು ಕುಂತೀರಿ?” ಎಂದು ಕೇಳಿದಳು. ಅಷ್ಟು ಸಾಕಾಯಿತು ನನಗೆ. ಅವಳ ಅಪ್ಪ ಆಂಜನೇಯ ಮದುವೆ-ಮುಂಜಿಗೆ ಶಾಮಿಯಾನ, ಮೈಕ್ ಸೆಟ್ ಬಾಡಿಗೆಗೆ ಕೊಡುವವರು. ಎಲ್ಲರೂ ಒಪ್ಪಿದ್ದರು, ಅಜ್ಜಿ ಒಬ್ಬಳನ್ನು ಬಿಟ್ಟು. ಅಂದಿನಿಂದ ಅವಳು “ನೋಡಮು” ಎನ್ನುತ್ತಿದ್ದಳೇ ಹೊರತು ಹೂಂ ಎನ್ನುತ್ತಿರಲಿಲ್ಲ. ಅಜ್ಜಿ ಹೂಂ ಎನ್ನದೆ ನಮ್ಮ ಮನೆಯಲ್ಲಿ ಎಮ್ಮೆ ಕೂಡ ಈಯುವುದಿಲ್ಲ.

ಇನ್ನೂ ಬೀಗರಾಗದ ಆ ಬೀಗರಿಗೆ ಅಪ್ಪ ಫೋನ್ ಮಾಡಿ, ಆಯಿತವಾರ ಸಂಜೆ ಟಿವಿಯಲ್ಲಿ ತನ್ನನ್ನು ನೋಡಬೇಕೆಂದ. ಅವರ ಊರಿನ ಕೇಬಲ್ಲಿನಲ್ಲಿ ಆ ಚಾನಲ್ಲೇ ಬರುವುದಿಲ್ಲ ಎಂದು ಗೊತ್ತಾಯಿತು.

“ಚಿಂತಿ ಮಾಡಬ್ಯಾಡ್ರಿ,” ಎಂದ ಅಪ್ಪ. “ರೆಕಾರ್ಡ್ ಮಾಡಿ ಇಟ್ಟಿರ್ತೀನಿ. ಬುಧವಾರ ನಮ್ಮನಿಗೆ ಬರ್ರಿ, ನೋಡಿದಂಗೂ ಆತು, ಮಾತು ಮುಗಿಸಿದಂಗೂ ಆತು.”

ಮನೆಯಲ್ಲಿ ರೆಕಾರ್ಡ್ ಮಾಡುವ ಯಾವ ಸಾಮಾನೂ ಇರಲಿಲ್ಲ. ಮರುದಿನ ಅಪ್ಪ ನನ್ನನ್ನು ಕರೆದುಕೊಂಡು ರಾಯಚೂರಿಗೆ ಹೊರಟ.

ತೀನ್ ಕಂದೀಲ್ ಸರ್ಕಲ್ಲಿನ ಹತ್ತಿರದ ಅಂಗಡಿಯವನು ನಾಲಿಗೆಗೆ ಎಣ್ಣೆ ಹಚ್ಚಿಕೊಂಡವನ ಹಾಗೆ ಮಾತಾಡಿದ. “ಯಜಮಾನ್ರ, ಕೇಬಲ್ ಅಂದ್ರ ಸರ್ಕಾರಿ ಬಸ್ಸಿದ್ದಂಗ. ಅದು ಬಂದಾಗ ನೀವು ಓಡಿ ಹತ್ಬೇಕು. ಇದು ನಿಮ್ಮ ಸ್ವಂತ ಬಂಡಿ. ನಿಂದ್ರು ಅಂದ್ರ ನಿಂದಿರ್ತದ, ಹಿಂದಕ್ಕ ಬಾ ಅಂದ್ರ ಬರ್ತದ. ಈ ಕೆಂಪು ಗುಂಡಿ ಒತ್ತಿದ್ರ ರೆಕಾರ್ಡು. ಮೊಬೈಲ್ ನೆಟ್ ಜೋಡಿಸಿದ್ರ ಬೇಕಾದ್ದು ಬೇಕಾದಾಗ.”

“ರಿಮೋಟಿನ ಮ್ಯಾಲ ಈ ತೂತು ಯಾತರದು?”

“ಮೈಕ್ ರೀ ಅದು. ನೀವು ಮಾತಾಡಿದ್ದು ಡಬ್ಬಿ ಕೇಳಸ್ಕೊಂತದ.”

ಅಂಗಡಿಯವನು ಇನ್ನೂ ಏನೇನೋ ಹೇಳಿದ. ನಮ್ಮಪ್ಪನ ತಲೆಯೊಳಗೆ ಇದೊಂದೇ ಮಾತು ಇಳಿದು ಬಾಗಿಲು ಹಾಕಿಕೊಂಡಿತು.

ಡಿಶ್ ಕೂರಿಸುವವನು ನಾಳೆ ಬರುತ್ತಾನೆ, ಸಾಮಾನು ಅವನೇ ತರುತ್ತಾನೆ ಎಂದರೂ ಕೇಳದೆ ಅಪ್ಪ ಡಿಶ್ಶನ್ನು ತಾನೇ ಹೊತ್ತುಕೊಂಡು ಬಸ್ ಹತ್ತಿದ. ಕಲ್ಮಲದಲ್ಲಿ ಹತ್ತಿದ ಒಬ್ಬ ಮುದುಕಿ ಅದನ್ನು ಹಿಂದುಮುಂದು ಸವರಿ ನೋಡಿ, “ಹಂಚು ಚಲೋ ಅದ. ನಿಮ್ಮ ಮನ್ಯಾಗ ಎಷ್ಟು ಮಂದಿ ರೊಟ್ಟಿ ತಿಂತೀರಪ್ಪಾ?” ಎಂದು ಕೇಳಿದಳು. ಅಪ್ಪ ಊರು ಮುಟ್ಟುವವರೆಗೂ ಅವಳ ಕಡೆ ನೋಡಲಿಲ್ಲ.

ರೆಕಾರ್ಡಿಂಗ್ ಎಂದರೇನೆಂದು ಅಪ್ಪನಿಗೆ ಯಾರೂ ಹೇಳಿಕೊಡುವ ಹಾಗಿರಲಿಲ್ಲ, ಅವನಿಗೆ ಅನುಭವವಿತ್ತು. ಪ್ರಾಯದಲ್ಲಿ ರೇಡಿಯೋದ ಮುಂದೆ ಟೇಪ್ ರೆಕಾರ್ಡರ್ ಇಟ್ಟು ತತ್ವಪದ ಹಿಡಿದವನು. ಆ ಕ್ಯಾಸೆಟ್ ಇವತ್ತಿಗೂ ಇದೆ. ಹಾಕಿದರೆ, ಪದ ಏರಿ ನಿಂತ ಜಾಗದಲ್ಲಿ ತೀರಿಹೋದ ನಮ್ಮ ಮುತ್ಯಾ, ಅಂದರೆ ಅಪ್ಪನ ಅಪ್ಪ, “ಎಮ್ಮಿ ಬಿಚ್ಕೊಂಡು ಹೊಂಟಾವ ನೋಡ್ಲೇ ತಾಯ್ಯಾ” ಎಂದು ಕೂಗುತ್ತಾನೆ. ಅಂದಮೇಲೆ ರೆಕಾರ್ಡಿಂಗ್ ನಡೆಯುವಾಗ ಮನೆಯಲ್ಲಿ ಗದ್ದಲ ಇರಬಾರದು. ಇದು ನಮ್ಮಪ್ಪನ ಶಾಸ್ತ್ರ.

ಆಯಿತವಾರ ಸಂಜೆ ಆ ಶಾಸ್ತ್ರ ಜಾರಿಗೆ ಬಂತು. ಕೋಳಿಗಳನ್ನು ಬುಟ್ಟಿಯ ಕೆಳಗೆ ಮುಚ್ಚಿದರು. ಅವ್ವನ ಕುಕ್ಕರು ಇಳಿಯಿತು. ಫ್ಯಾನು ಕಿರಿಕಿರಿ ಎನ್ನುತ್ತದೆಂದು ನಿಂತಿತು. ಗೋಡೆ ಗಡಿಯಾರವನ್ನು ಕೌದಿಯಲ್ಲಿ ಸುತ್ತಿ ಒಳಕೋಣೆಯಲ್ಲಿ ಮಲಗಿಸಿದರು. ನೋಡಲು ಬಂದ ಮಂದಿಗೆ ಅಪ್ಪ ಬಾಗಿಲಲ್ಲೇ ಹೇಳಿದ: “ಒಳಗ ಬರೋರು ಬಾಯಿ ಹೊರಗ ಬಿಟ್ಟು ಬರ್ರಿ.” ಹನುಮಂತ್ರಾಯ ಕಾಕಾ ಕೆಮ್ಮಿ ಕೆಮ್ಮಿ ಸ್ಟಾಕು ಮುಗಿಸಿ ಬಂದ. ಎದುರು ಮನೆಯಲ್ಲಿ ಬಟ್ಟೆ ಹೊಲಿಯುವ ಶಹಜಾದಿ ಬೇಗಂ ಬಂದಳು. ದಾರಿಯಲ್ಲಿ ಹೋಗುತ್ತಿದ್ದ ಕರೆಂಟಿನ ಲೈನ್‌ಮನ್ ವೆಂಕೋಬನೂ ಏಣಿಯನ್ನು ಗೋಡೆಗೆ ಆನಿಸಿ ಒಳಬಂದು ಕೂತ. ಅಪ್ಪ ಕೆಂಪು ಗುಂಡಿ ಒತ್ತಿದ. ಸೆಕೆಗೆ ಎಲ್ಲರ ಹಣೆಯಿಂದ ನೀರು ಸುರಿಯುತ್ತಿತ್ತು. ಅದನ್ನೂ ಸದ್ದಿಲ್ಲದೆ ಒರೆಸಿಕೊಳ್ಳಬೇಕಾಗಿತ್ತು.

ಮೊದಮೊದಲು ಹಿಂದಿನ ಸಾಲಿನಲ್ಲಿ ಸ್ವಲ್ಪ ಪಿಸಿಪಿಸಿ ಕೇಳಿಸಿತು. ಅಪ್ಪ ತಿರುಗಿ ಕಣ್ಣು ಬಿಟ್ಟ. ಅಷ್ಟರಲ್ಲಿ ಟಿವಿಯಲ್ಲಿ ಅಪ್ಪನೇ ಬಂದ.

“ಈ ಹೊಲ ನಿಮ್ಮದಾ?” ಎಂದು ಟಿವಿಯ ಹುಡುಗಿ ಕೇಳಿದಳು.

“ಹೌದ್ರಿ, ನಂದಽ,” ಎಂದ ಟಿವಿಯ ಅಪ್ಪ.

ಹನುಮಂತ್ರಾಯ ಕಾಕಾ ಬಹಳ ತಡೆದುಕೊಂಡ. ಆಗಲಿಲ್ಲ. “ಹೊಲ ನಂದು, ಬಾಯಿ ಮಾತ್ರ ತಾಯಪ್ಪಂದು,” ಎಂದುಬಿಟ್ಟ. ಮನೆಯ ಅಪ್ಪ ಅವನ ಬಾಯಿ ಮುಚ್ಚಿದ. ಟಿವಿಯ ಅಪ್ಪ ಮುಂದುವರಿಸಿದ: “ಬೀಜ ನಮ್ಮ ಬೀಗರು, ಬಾಗಲವಾಡದ ಆಂಜನೇಯಪ್ಪ ಪ್ರೀತಿಲಿಂದ ಕೊಟ್ಟಾರ್ರಿ.”

ಅಜ್ಜಿಗೆ ರೇಗಿತು. ಬಾಯಿಯ ಎಲೆ-ಅಡಿಕೆಯನ್ನು ಒಂದು ಕಡೆಗೆ ಸರಿಸಿ, ಮನೆಯೆಲ್ಲ ಕೇಳುವ ಹಾಗೆ ಹೇಳಿದಳು: “ಆಂಜನೇಯ ಕೊಟ್ಟನಾ? ಅವನ ಮನ್ಯಾಗ ಕೊಟ್ಟ ಚಹಾ ನೋಡಿದ್ದಿ ಅಲ್ಲ? ಬಟ್ಲ ತಳ ಕಾಣ್ತಿತ್ತು. ತಳದಾಗ ಬರದಿದ್ದ ಹೂವಿನ ಎಸಳು ಎಣಿಸಿ ಬಂದೀನಿ ನಾನು. ಹಂಥ ಮನಿ ಹೆಣ್ಣು ತಂದು ಏನು ಮಾಡತೀ?”

ಅವಳು ಇಷ್ಟು ದಿನ ಹೂಂ ಎನ್ನದಿದ್ದ ಕಾರಣ ಆಗ ತಿಳಿಯಿತು. ಅದರ ಬೆನ್ನಿಗೇ ಹೊರಗೆ ಧಡ್ ಎಂದು ಸದ್ದಾಗಿ ಟಿವಿ ಆರಿತು. ಊರಿಗೆಲ್ಲ ಕರೆಂಟ್ ಕೊಡುವ ಟಿಸಿ ಸುಟ್ಟಿತ್ತು. ವೆಂಕೋಬ ಏಣಿ ಹೊತ್ತು ಓಡಿದ.

ಅರೆಬೆಳಕಿನಲ್ಲಿ ಅಪ್ಪ ಡಬ್ಬಿಯನ್ನೇ ನೋಡುತ್ತ ಕೂತ. “ಎಲ್ಲಾ ಒಳಗ ಹೋತು,” ಎಂದ.

“ಏನು?” ಎಂದು ಕೇಳಿದೆ.

“ಯವ್ವ ಅಂದದ್ದು. ಹನುಮಂತ್ರಾಯ ಅಂದದ್ದು. ಬುಧವಾರ ಬೀಗರ ಮುಂದ ಹಂಗಽ ಹೊರಗ ಬರ್ತದ.”

“ಯಪ್ಪಾ, ಅದು ನಮ್ಮ ಮಾತು ಹಿಡಿಯಾಂಗಿಲ್ಲ,” ಎಂದೆ ನಾನು.

“ನೀ ಅಂಗಡ್ಯಾಗ ಇದ್ದಿಲ್ಲೇನು? ಅವ ಏನಂದ? ಡಬ್ಬಿ ಕೇಳಸ್ಕೊಂತದ ಅಂದ್ನೋ ಇಲ್ಲೋ?”

ಅಂದಿದ್ದ. ನನ್ನ ಕಿವಿಯಾರೆ ಕೇಳಿದ್ದೆ. ನನ್ನ ಒಂಬತ್ತನೇ ಕ್ಲಾಸು ಅಲ್ಲಿಗೆ ನಿಂತುಬಿಟ್ಟಿತು. ಹಾಕಿ ನೋಡೋಣವೆಂದರೆ ಕರೆಂಟಿಲ್ಲ. ಸಿಟ್ಟಿನಲ್ಲಿ ಬುಟ್ಟಿಗೆ ಒದ್ದೆ. ಕೋಳಿಗಳು ಹೊರಬಂದು, ಮುಚ್ಚಿಟ್ಟಿದ್ದಷ್ಟು ಹೊತ್ತಿನ ಕೂಗನ್ನೆಲ್ಲ ಒಟ್ಟಿಗೇ ಕೂಗಿದವು.

ಬೆಳಿಗ್ಗೆ ಅಪ್ಪ ಮಾನ-ಮರ್ಯಾದೆ ಬಿಟ್ಟು ನಯೀಮನ ಶೆಡ್ಡಿಗೆ ಹೋದ. ನಾನೂ ಹೋದೆ. ನಯೀಮ್ ಪೂರ್ತಿ ಕೇಳಿಸಿಕೊಂಡ. ಗಿರಾಕಿ ಕಳೆದುಕೊಂಡವನಿಗೆ ದೇವರು ಇಂಥ ಮುಂಜಾನೆಯನ್ನು ಅಪರೂಪಕ್ಕೆ ಕೊಡುತ್ತಾನೆ.

“ಹಿಡೀತದ ಅಣ್ಣಾ,” ಎಂದ, ಬಹಳ ದುಃಖದಿಂದ. “ಎಲ್ಲಾ ಹಿಡೀತದ. ನಮ್ಮ ಕೇಬಲ್ ನೋಡು, ಬರೇ ಹೇಳತದ, ಕೇಳಸ್ಕೊಳ್ಳಾಂಗಿಲ್ಲ. ಅದಕ್ಕ ಬಾಯಿ ಅದ, ಕಿವಿ ಇಲ್ಲ. ಡಿಶ್ ನೋಡಿದ್ದೇನು, ಹೆಂಗದ? ಥೇಟ್ ಕಿವಿ.”

ಮಾಳಿಗೆಯ ಮೇಲಿನ ಡಿಶ್ಶನ್ನು ನಾವು ಅಂದಿನವರೆಗೆ ಆ ದೃಷ್ಟಿಯಿಂದ ನೋಡಿರಲಿಲ್ಲ.

“ಅಳಸಾಕ ಬರಾಂಗಿಲ್ಲೇನು?”

“ಮೆಮೊರಿ ಅಣ್ಣಾ ಅದು. ನಿಮ್ಮವ್ವನ ತಲ್ಯಾಗಿಂದು ಏನರ ಅಳಸೀಯೇನು ಇಷ್ಟು ವರ್ಷದಾಗ?”

ನಾವು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಬಾಗಿಲಲ್ಲಿ ಶಹಜಾದಿ ಬೇಗಂ ಸೆರಗಿನ ಕೆಳಗೆ ಏನೋ ಹಿಡಿದು ನಿಂತಿದ್ದಳು.

“ಅಣ್ಣಾ, ನಂದಿಷ್ಟು ತುಣುಕು ಕತ್ತರಿಸಿ ಕೊಡು. ಕತ್ರಿ ನಾನಽ ತಂದೀನಿ.”

“ನೀ ಏನಂದಿದ್ದಿ ಬೇ?”

“ಏನಿಲ್ಲ ಅಣ್ಣಾ. ಕಾಕಾನ ಹೆಂಡ್ತಿ ಕಿವ್ಯಾಗ ಅಂದೆ. ನಿಶ್ಚಯಕ್ಕ ದುರ್ಗಾದೇವಿ ಕೊಟ್ಟ ಜಂಪರ್ ಬಟ್ಟಿ ಇನ್ನೂ ಕತ್ತರಿಸಿಲ್ಲ, ಮೆಂಬರ್ ಮನೀದು ಮೊದ್ಲ ಹೊಲಿಯಾಕತ್ತೀನಿ, ಮಿಷನ್ ಬೆಲ್ಟ್ ಹರದಾದ ಅಂತ ಸುಳ್ಳ ಹೇಳೀನಿ ಅಂದೆ. ಅಷ್ಟಽ.”

ದುರ್ಗಾದೇವಿ ಎಂದರೆ ನಮ್ಮವ್ವ. ಅವಳು ಬಾಗಿಲ ಹಿಂದೆಯೇ ಇದ್ದಳು. “ಬೆಲ್ಟು ಇನ್ನೂ ಹರದಽ ಅದನೋ, ಕೂಡಿತೋ?” ಎಂದು ಬಹಳ ಮೆಲ್ಲಗೆ ಕೇಳಿದಳು. ಆ ದಿನವೇ ಜಂಪರ್ ತಯಾರಾಗಿ ಬಂತು, ತೋಳಿಗೆ ಕೇಳದ ಲೇಸೂ ಇತ್ತು.

ಆಮೇಲೆ ಬಂದವನು ವೆಂಕೋಬ. ಅಪ್ಪನನ್ನು ಬೇವಿನ ಗಿಡದ ಮರೆಗೆ ಕರೆದ. “ಸಾಹೇಬ್ರು ನನ್ನ ಗಬ್ಬೂರಿಗೆ ಕಳಿಸ್ಯಾರ, ನಾ ಇಲ್ಲಿ ಕುಂತು ಟಿವಿ ನೋಡಾಕತ್ತೀನಿ ಅಂತ ಬಾಯಿ ತಪ್ಪಿ ಅಂದೀನ್ರಿ. ಅದು ಹೊರಗ ಬಂದ್ರ ನನ್ನ ಏಣಿ ಕಸಗೊಂತಾರ.”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಕರೆಂಟ್ ಇಲ್ಲದಿದ್ದರೆ ಟಿವಿ ಇಲ್ಲ. ಟಿವಿ ಇಲ್ಲದಿದ್ದರೆ ಬೀಗರು ಬರುತ್ತಾರೆ, ಚಹಾ ಕುಡಿಯುತ್ತಾರೆ, ಮಾತು ಮುಗಿಸಿ ಹೋಗುತ್ತಾರೆ.

“ಟಿಸಿ ದೊಡ್ಡ ಕೆಲಸ್ರಿ,” ಎಂದ ವೆಂಕೋಬ ಗಂಭೀರವಾಗಿ. “ಅವಸರ ಮಾಡಬಾರ್ದು.”

ಅಂದಿನಿಂದ ವೆಂಕೋಬ ಕಂಬದ ಮೇಲೆಯೇ ವಾಸ ಮಾಡತೊಡಗಿದ. ಕೆಳಗೆ ಗಿರಣಿಯವನು, ಜೋಳದ ಬುಟ್ಟಿ ಹೊತ್ತ ಹೆಂಗಸರು, ಮೊಬೈಲ್ ಸತ್ತ ಹುಡುಗರು ಕರೆಂಟ್ ಬೇಕೆಂದು ಕೂಗುತ್ತಿದ್ದರು. ಅವರ ಎದುರಿಗೆ, ಆಯಿತವಾರ ನಮ್ಮ ಮನೆಯ ಒಳಗೆ, ಕಟ್ಟೆಯ ಮೇಲೆ, ಕಿಟಕಿಯ ಹತ್ತಿರ ಏನಾದರೂ ಮಾತಾಡಿದ್ದ ಮಂದಿ ಗುಂಪು ಕಟ್ಟಿಕೊಂಡು, “ನಿಧಾನಕ್ಕ ಮಾಡಪಾ ವೆಂಕೋಬ, ಜೀವ ದೊಡ್ಡದು,” ಎನ್ನುತ್ತಿದ್ದರು. ದೇಶದಲ್ಲಿ ಕರೆಂಟ್ ಬೇಡವೆಂದು ಜನ ಬೇಡಿಕೊಂಡದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ. ನನಗೋ ಒಳಗೊಳಗೇ ಕುದಿ. ಸೌಭಾಗ್ಯಳ ಜೊತೆ ಮಾತಾಡೋಣವೆಂದರೆ ನನ್ನ ಮೊಬೈಲೂ ಸತ್ತವುಗಳಲ್ಲೇ ಒಂದಾಗಿತ್ತು.

ಬುಧವಾರ ಮುಂಜಾನೆ ಅವ್ವನ ಫೋನಿನ ಕೊನೆಯ ಉಸಿರಿನಲ್ಲಿ ಅಪ್ಪ ಬೀಗರಿಗೆ ಹೇಳಿದ: “ಬರ್ರಿ, ಬರ್ರಿ. ಆದ್ರ ಟಿವಿ ನೋಡೋ ಯೋಗ ಇಲ್ರಿ, ಟಿಸಿ ಸುಟ್ಟದ.” ಆ ದುಃಖದ ಸುದ್ದಿಯನ್ನು ಅಷ್ಟು ಖುಷಿಯಿಂದ ಹೇಳಿದವರು ಯಾರೂ ಇರಲಿಕ್ಕಿಲ್ಲ.

“ಅದಕ್ಯಾಕ ಮನಸಿಗೆ ಹಚ್ಕೊಂತೀರಿ ಬೀಗರಽ,” ಎಂದಿತು ಆ ಕಡೆಯ ದನಿ. “ನನ್ನ ಹತ್ರ ಜನರೇಟರ್ ಅದಲ್ಲ. ಟಂಟಂ ಗಾಡ್ಯಾಗ ಹಾಕ್ಕೊಂಡು ಬರ್ತೀನಿ.”

ಫೋನ್ ಸತ್ತಿತು. ಅಪ್ಪ ಸಾಯಲಿಲ್ಲ, ಅಷ್ಟೇ ವ್ಯತ್ಯಾಸ.

ಆಂಜನೇಯ ಮಾವ ಬಂದದ್ದು ಹೆಂಡತಿಯ ಜೊತೆ, ಬಾಳೆಹಣ್ಣಿನ ಗೊನೆಯ ಜೊತೆ, ಮತ್ತು ಒಂದು ಕೋಣದಷ್ಟು ಎತ್ತರದ ಜನರೇಟರಿನ ಜೊತೆ. ಊರಿನಲ್ಲಿ ಎಲ್ಲಿಯೂ ಇಲ್ಲದ ಕರೆಂಟು ನಮ್ಮ ಮನೆಗೆ ಬರುತ್ತಿದೆ ಎಂದಾಗ ಜನ ನಿಲ್ಲುತ್ತಾರೆಯೇ? ಕೆಲವರು ಮೊಬೈಲ್ ಚಾರ್ಜರ್ ಹಿಡಿದು ಬಂದರು, ಕೆಲವರು ಎದೆ ಹಿಡಿದುಕೊಂಡು ಬಂದರು. ನಯೀಮ್ ಕೈಕಟ್ಟಿಕೊಂಡು ಬಾಗಿಲಿಗೆ ಒರಗಿದ. ನಾನು ಮೊಬೈಲನ್ನು ಚಾರ್ಜಿಗೆ ಇಟ್ಟು, ಅದರ ನೆಟ್ಟನ್ನು ಡಬ್ಬಿಗೆ ಜೋಡಿಸಿದೆ.

ಆಂಜನೇಯ ಮಾವ ಕುರ್ಚಿ ಎಳೆದುಕೊಂಡು ಟಿವಿಯ ಮುಂದೆ ಕೂತರು. “ಹಾಕ್ರಿ ಬೀಗರ.”

ಅಪ್ಪ ರಿಮೋಟ್ ಹಿಡಿದ. ಇಟ್ಟ. ಮತ್ತೆ ಹಿಡಿದ. ಕೊನೆಗೆ ಟಿವಿಗೆ ಅಡ್ಡ ನಿಂತು ಕೈಮುಗಿದ. “ಅದು ಹೇಳೂದ್ಕಿಂತ ಮೊದ್ಲ ನಾನಽ ಹೇಳತೀನ್ರಿ. ಟಿವ್ಯಾಗ ಕಾಣೋ ಹೊಲ ನಮ್ದಲ್ಲ. ಹನುಮಂತ್ರಾಯಂದು.”

ಮಾವ ನಕ್ಕರು. “ಅದು ನನಗ ಗೊತ್ತದ. ಹನುಮಂತ್ರಾಯಪ್ಪನ ಮಗಳ ಮದುವಿಗೆ ಆ ಹೊಲದಾಗ ಶಾಮಿಯಾನ ಹಾಕಿದವ ನಾನಽ. ಮುಂದ ಹೇಳ್ರಿ.”

ಇಷ್ಟು ಸುಲಭವಾಗಿ ಒಂದು ಪಾಪ ಕಳೆದದ್ದು ಕಂಡು ಉಳಿದವರಿಗೂ ಧೈರ್ಯ ಬಂತು. ವೆಂಕೋಬ ಗಬ್ಬೂರಿನ ವಿಷಯ ಹೇಳಿ ಹಗುರಾದ. ಶಹಜಾದಿ ಬೇಗಂ ಬೆಲ್ಟಿನ ಕಥೆ ಮತ್ತೊಮ್ಮೆ ಹೇಳಿದಳು. ಕಿಟಕಿಯ ಹೊರಗಿನಿಂದ ಒಬ್ಬ, ತಾನು ಯಾರದೋ ಕೊಡಲಿ ಇಸಕೊಂಡು ಕಳೆದದ್ದನ್ನು ಕೂಗಿ ಹೇಳಿ ಓಡಿಹೋದ. ಅವನು ಆಯಿತವಾರ ಊರಿನಲ್ಲೇ ಇರಲಿಲ್ಲವೆಂದು ಆಮೇಲೆ ಗೊತ್ತಾಯಿತು.

ಕೊನೆಗೆ ಉಳಿದವಳು ಅಜ್ಜಿ. ಅವಳು ಎದ್ದು ನಿಲ್ಲಲೂ ಇಲ್ಲ. “ನಿನ್ನ ಚಹಾ ನೀರಿದ್ದಂಗ ಇತ್ತು, ಬಟ್ಲ ತಳ ಕಾಣ್ತಿತ್ತು ಅಂದೀನಪ್ಪಾ,” ಎಂದಳು.

ಮಾವ ನಗಲಿಲ್ಲ. ಅವರ ಹೆಂಡತಿ ಸೆರಗು ಸರಿಮಾಡಿಕೊಂಡು ಗೋಡೆಯ ಕಡೆ ನೋಡಿದರು. ಹೊರಗೆ ಜನರೇಟರ್ ಮಾತ್ರ ಡಬಡಬ ಎನ್ನುತ್ತಿತ್ತು. ನನ್ನ ಮದುವೆ ಆ ಸದ್ದಿನಲ್ಲಿ ಮುಳುಗುತ್ತಿರುವುದು ನನಗೆ ಕಣ್ಣಿಗೇ ಕಾಣುತ್ತಿತ್ತು.

“ಮೊದ್ಲ ರೆಕಾರ್ಡ್ ಹಾಕ್ರಿ,” ಎಂದರು ಮಾವ.

ಅಪ್ಪ ಗುಂಡಿ ಒತ್ತಿದ. ಕಾರ್ಯಕ್ರಮ ಬಂತು. ಹೊಲ ಬಂತು. ಅಪ್ಪ ಬಂದ. “ಹೌದ್ರಿ, ನಂದಽ.” ಎಲ್ಲರೂ ಹನುಮಂತ್ರಾಯ ಕಾಕಾನ ದನಿಗೆ ಕಾದರು. ಬರಲಿಲ್ಲ. “ಪ್ರೀತಿಲಿಂದ ಕೊಟ್ಟಾರ್ರಿ.” ಎಲ್ಲರೂ ಅಜ್ಜಿಯ ದನಿಗೆ ಕಾದರು. ಟಿವಿಯ ಹುಡುಗಿ ಧನ್ಯವಾದ ಹೇಳಿದಳು, ಕರೆಂಟ್ ಹೋದಲ್ಲಿಗೆ ರೆಕಾರ್ಡ್ ಮುಗಿಯಿತು. ಅಷ್ಟೇ. ಒಂದು ಕೋಳಿಯ ಸದ್ದೂ ಇರಲಿಲ್ಲ.

“ಛಂದ ಬಂದದಲ್ಲ,” ಎಂದರು ಮಾವ ನಿಧಾನವಾಗಿ. “ಮತ್ತ ನೀವೆಲ್ಲ ಯಾಕ ಇಷ್ಟೊತ್ತು ಬಾಯಿ ಬಿಟ್ರಿ?”

ಊರೆಲ್ಲ ತಿರುಗಿ ನಯೀಮನನ್ನು ನೋಡಿತು. ನಯೀಮ್ ವಯರು ನೋಡುವ ನೆಪದಲ್ಲಿ ಮಾಳಿಗೆ ನೋಡುತ್ತಿದ್ದ.

ಎಲ್ಲರಿಗೂ ನಾಚಿಕೆಯಾಗಿದ್ದರೆ, ಅಜ್ಜಿಗೆ ಆದದ್ದು ಸಿಟ್ಟು. ಅವಳು ಟಿವಿಯಲ್ಲಿ ತನ್ನ ಮಾತು ಬರುತ್ತದೆಂದು ಹೊಸ ಸೀರೆ ಉಟ್ಟು ಕೂತಿದ್ದಳು. “ಸುಳ್ಳ ಡಬ್ಬಿ. ನಾ ಅಂದದ್ದು ಅಂದೀನಿ,” ಎನ್ನುತ್ತ ಅಪ್ಪನ ಕೈಯಿಂದ ರಿಮೋಟ್ ಕಸಿದಳು. “ಎಲ್ಲದನೋ ಆ ತೂತು?”

“ಯವ್ವಾ, ಬ್ಯಾಡ,” ಎಂದ ಅಪ್ಪ.

ಅವಳು ಮೈಕಿನ ಗುಂಡಿಯನ್ನು ಹೆಬ್ಬೆಟ್ಟಿನಿಂದ ಅದುಮಿ, ಕಿವುಡ ನೆಂಟನಿಗೆ ಹೇಳುವ ಹಾಗೆ ತೂತಿಗೆ ಬಾಯಿಟ್ಟು ಕೂಗಿದಳು: “ಆಂಜನೇಯನ ಮನಿ ಚಹಾ ನೀರು. ಚಹಾ. ಚಹಾ.”

ಡಬ್ಬಿ ಯೋಚನೆ ಮಾಡಿತು. ಪರದೆಯ ಮೇಲೆ ಸಣ್ಣ ಚಕ್ರ ತಿರುಗಿತು. ಆಮೇಲೆ ಒಬ್ಬ ದಪ್ಪ ಹೆಂಗಸು ಒಲೆಯ ಮುಂದೆ ಪ್ರತ್ಯಕ್ಷಳಾಗಿ, “ವೀಕ್ಷಕರೇ, ಗಟ್ಟಿ ಚಹಾ ಮಾಡುವುದು ಹೇಗೆಂದು ಇಂದು ಕಲಿಯೋಣ,” ಎಂದಳು.

ಮೊದಲು ನಕ್ಕವರು ಮಾವನ ಹೆಂಡತಿ. ಸೆರಗು ಬಾಯಿಗೆ ಒತ್ತಿಕೊಂಡರೂ ನಿಲ್ಲಲಿಲ್ಲ. “ಕಲೀರಿ,” ಎಂದರು ಗಂಡನಿಗೆ. “ಅಮ್ಮಾರ, ಆವತ್ತು ಚಹಾ ಮಾಡಿದವ್ರು ಇವ್ರಽ. ನಾವು ಹುಡುಗಿಗೆ ಸೀರಿ ಉಡಸಾಕತ್ತಿದ್ವಿ. ಮದುವಿ ಮನ್ಯಾಗ ನೂರಾರು ಮಂದಿಗೆ ಮಾಡೋದು ನೋಡಿ ಬಂದಾರ, ನಾಕು ಮಂದಿಗೂ ಹಂಡೇದಷ್ಟು ನೀರು ಇಟ್ಟಿದ್ರು.”

ಮಾವ ತಲೆ ಕೆರೆದುಕೊಂಡರು. ಆಮೇಲೆ ಅಂಗಿಯ ತೋಳು ಮಡಚಿ ಎದ್ದರು. “ಯವ್ವಾ, ಎಲ್ಲದ ನಿಮ್ಮ ಒಲಿ?”

ನಮ್ಮ ಅಡುಗೆಮನೆಯಿಂದ ಟಿವಿ ಕಾಣುತ್ತದೆ. ಮುಂದಿನ ಸ್ವಲ್ಪ ಹೊತ್ತು ನಮ್ಮಪ್ಪನ ಬಾಳಿನಲ್ಲೇ ದೊಡ್ಡದು.

“ನಿಂದ್ರಸ್ರಿ ಬೀಗರ, ಶುಂಠಿ ಜಜ್ಜತೀನಿ,” ಎನ್ನುತ್ತಿದ್ದರು ಮಾವ ಒಳಗಿನಿಂದ. ಅಪ್ಪ ಗುಂಡಿ ಒತ್ತುತ್ತಿದ್ದ. ಟಿವಿಯ ಹೆಂಗಸು ಚಮಚ ಎತ್ತಿ ಹಿಡಿದಲ್ಲೇ ನಿಲ್ಲುತ್ತಿದ್ದಳು. “ಸ್ವಲ್ಪ ಹಿಂದಕ್ಕ ತರ್ರಿ, ಹಾಲು ಯಾವಾಗ ಹಾಕಂದ್ಲು?” ಅಪ್ಪ ಹಿಂದಕ್ಕೆ ತರುತ್ತಿದ್ದ. ಅವಳು ಹಾಲನ್ನು ಪಾತ್ರೆಯಿಂದ ಲೋಟಕ್ಕೆ ವಾಪಸ್ ಎಳೆದುಕೊಂಡು ಮತ್ತೆ ಸುರಿಯುತ್ತಿದ್ದಳು.

ಅಪ್ಪ ಬಾಗಿಲ ಕಡೆ ತಿರುಗಿದ. “ನಿನ್ನ ಕೇಬಲ್‌ನಾಗ ಇದು ಆಗ್ತಿತ್ತೇನ್ಲೇ ನಯೀಮಾ?”

“ಕೇಬಲ್‌ನಾಗ ಆಗಿದ್ರ ಊರಿಗೆಲ್ಲ ಚಹಾ ಆಗ್ತಿತ್ತಣ್ಣಾ,” ಎಂದ ನಯೀಮ್. “ಈಗ ನೋಡು, ಇಷ್ಟು ಮಂದಿ ಬಂದಾರ, ನಾಕು ಬಟ್ಲ ಹಾಲದ.”

ಮಾವ ಚಹಾದ ಬಟ್ಟಲನ್ನು ಮೊದಲು ತಂದು ಅಜ್ಜಿಯ ಕೈಗೆ ಕೊಟ್ಟರು. ಅವಳು ಕುಡಿಯಲಿಲ್ಲ. ಕಿಟಕಿಯ ಬೆಳಕಿಗೆ ಹಿಡಿದಳು. ಬಗ್ಗಿ ನೋಡಿದಳು. ಆ ಕಡೆ ವಾಲಿಸಿದಳು, ಈ ಕಡೆ ವಾಲಿಸಿದಳು. ವೆಂಕೋಬ ಕೂಡ ಕುತ್ತಿಗೆ ಉದ್ದ ಮಾಡಿದ. ನನ್ನ ಸಿಟ್ಟೆಲ್ಲ ಎಲ್ಲಿ ಹೋಗಿತ್ತೋ, ಅವಳ ಮುಖ ಬಿಟ್ಟು ನನಗೆ ಏನೂ ಕಾಣಿಸುತ್ತಿರಲಿಲ್ಲ.

ಅಜ್ಜಿ ಒಂದು ಗುಟುಕು ಕುಡಿದು ಬಟ್ಟಲನ್ನು ಮಡಿಲಲ್ಲಿ ಇಟ್ಟುಕೊಂಡಳು.

“ತಳ ಕಾಣವಲ್ದು,” ಎಂದಳು. “ಹುಡುಗೀನ ಯಾವಾಗ ಕಳಸ್ತೀರಿ?”